ಸೂತಕದ ಮನೆ, ಕೆಳಗೇ ಅಂಗಡಿ: ಶಟರ್ ಬಡಿಯುವವರನ್ನು ನಿಲ್ಲಿಸುವುದು ಹೇಗೆ?

ಹನುಮಂತನಗರ_ದಿನಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಂಗಡಿ ನಡೆಸಿ ಗೊತ್ತಿರುವವರು ದಯವಿಟ್ಟು ದಾರಿ ಹೇಳಿ.

ಮನೆ ಮೇಲೆ, ಅಂಗಡಿ ಕೆಳಗೆ. ದಿನಸಿ, ನಂದಿನಿ ಹಾಲು-ಮೊಸರು, ಬ್ರೆಡ್ಡು, 20 ಲೀಟರಿನ ನೀರಿನ ಕ್ಯಾನು. ಎಲ್ಲವೂ ಮಾವನವರ ಹೆಸರಿನಲ್ಲೇ ಇತ್ತು. ಭಾನುವಾರ ಅವರು ತೀರಿಕೊಂಡರು. ಇವತ್ತು ಬುಧವಾರ, ನಾಲ್ಕನೇ ದಿನ. ವೈಕುಂಠ ಸಮಾರಾಧನೆ ಮುಂದಿನ ವಾರ ಶುಕ್ರವಾರ ಬರುತ್ತದೆ. ಅದು ಮುಗಿಯುವವರೆಗೆ ಅಂಗಡಿ ತೆಗೆಯುವುದು ಬೇಡ ಅಂತ ಅತ್ತೆ ಹೇಳಿದ್ದಾರೆ, ನಾವೂ ಒಪ್ಪಿದ್ದೇವೆ.

ಬೆಳಿಗ್ಗೆ 5.45ಕ್ಕೆಲ್ಲ ಶಟರ್ ಬಡಿಯುವುದು ಶುರುವಾಗುತ್ತದೆ. ಮನೆಗೆ ಹತ್ತುವ ಮೆಟ್ಟಿಲು ಅಂಗಡಿಯ ಒಳಗಿಂದಲೇ ಇರುವುದರಿಂದ ಹಗಲು ಶಟರ್ ಅರ್ಧ ಎತ್ತಿರುತ್ತೇವೆ. ಅದರಡಿ ತಲೆ ತೂರಿಸಿ, "ಒಂದೇ ಒಂದು ಹಾಲು ಕೊಟ್ಬಿಡಿ, ಚಿಲ್ಲರೆ ಇದೆ" ಅನ್ನುತ್ತಾರೆ. ಯಾವಾಗ ತೆಗೀತೀರ ಅಂತ ಅತ್ತೆಯನ್ನೇ ಕೇಳುತ್ತಾರೆ. ಮುಚ್ಚಿದ್ದಕ್ಕೆ ಗೂಗಲ್ ಮ್ಯಾಪಿನಲ್ಲಿ ಒಂದು ಸ್ಟಾರ್ ಕೊಟ್ಟವರೂ ಇದ್ದಾರೆ. ಜಗಳ ಮಾಡುವ ಶಕ್ತಿ ಮನೆಯಲ್ಲಿ ಯಾರಿಗೂ ಇಲ್ಲ, ಗಿರಾಕಿಗಳನ್ನು ಕಳಕೊಳ್ಳುವ ಹಾಗೂ ಇಲ್ಲ.

ಬಾಗಿಲಿಗೆ ಏನು ಬರೆದು ಹಾಕಬೇಕು? ಹಾಲಿನ ಇಂಡೆಂಟ್ (ಏಜೆಂಟರಿಗೆ ದಿನಾ ಕೊಡುವ ಆರ್ಡರ್) ಏನು ಮಾಡಬೇಕು? ಉದ್ರಿ ಪುಸ್ತಕದಲ್ಲಿ ಸುಮಾರು 40 ಮನೆಗಳ ಲೆಕ್ಕವಿದೆ. ಕ್ಯೂಆರ್ ಕೋಡು ಮಾವನವರ ಖಾತೆಯದು, ಅದಕ್ಕೆ ಈಗಲೂ ದುಡ್ಡು ಬೀಳುತ್ತಿದೆ. ಮೊದಲು ಯಾವುದನ್ನು ಹಿಡಿಯಬೇಕೋ ತಿಳಿಯುತ್ತಿಲ್ಲ.

ಮೂಲೆ_ಅಂಗಡಿ ಬರೆದಿದ್ದು:

ಅಕ್ಕ, ಮೊದಲು ಆ ಅರ್ಧ ಶಟರ್ ಸರಿ ಮಾಡಿ. ಮುಕ್ಕಾಲು ಕಾಟ ಅಲ್ಲಿಂದಲೇ.

ನಮ್ಮೂರಲ್ಲಿ ಅರ್ಧ ಶಟರ್ ಅಂದರೆ "ಒಳಗೆ ಜನ ಇದ್ದಾರೆ, ಕೇಳಿದರೆ ಕೊಡುತ್ತಾರೆ" ಅಂತಲೇ ಅರ್ಥ. ಬಂದ್ ದಿನ, ರಾತ್ರಿ ಹನ್ನೊಂದರ ಮೇಲೆ, ಎಲ್ಲ ಅಂಗಡಿಯವರೂ ಹಾಗೇ ವ್ಯಾಪಾರ ಮಾಡಿ ಜನರಿಗೆ ಅಭ್ಯಾಸ ಮಾಡಿಸಿದ್ದಾರೆ. ಬಗ್ಗಿ ನೋಡಿದವನ ಕಣ್ಣಿಗೆ ಬಿಸ್ಕತ್ತಿನ ಡಬ್ಬ, ಫ್ರಿಜ್ಜಿನ ಲೈಟು ಕಂಡರೆ ಸಾಕು, ಮನೆಯಲ್ಲಿ ಸಾವಾಗಿದೆ ಅನ್ನುವುದು ತಲೆಗೆ ಹತ್ತುವುದೇ ಇಲ್ಲ. ಮೆಟ್ಟಿಲು ಒಳಗಿಂದಲೇ ಇದ್ದರೆ ಹೀಗೆ ಮಾಡಿ: ಹಗಲು ಶಟರ್ ಪೂರ್ತಿ ಎತ್ತಿ, ಒಳಗೆ ಎರಡು-ಮೂರು ಅಡಿ ಬಿಟ್ಟು ಅಡ್ಡಲಾಗಿ ಹಗ್ಗ ಕಟ್ಟಿ, ನೆಲ ಮುಟ್ಟುವ ಹಾಗೆ ಬಿಳಿ ಪಂಚೆಯನ್ನೋ ಬೆಡ್‌ಶೀಟನ್ನೋ ಇಳಿಬಿಡಿ. ಸಾಮಾನು ಕಾಣಬಾರದು, ಅದೇ ಮುಖ್ಯ. ಮುಂದೆ ಒಂದು ಬೆಂಚು ಅಡ್ಡ ಇಡಿ. ಅದರ ಮೇಲೆ ಮನೆಯವರಲ್ಲದ ಒಬ್ಬರು, ಪಕ್ಕದ ಮನೆಯವರೋ ದೂರದ ನೆಂಟರೋ, ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 8 ಕೂತಿರಲಿ. ಉಳಿದ ಹೊತ್ತಿನಲ್ಲಿ ಬರುವವರು ಕಡಿಮೆ. ರಾತ್ರಿ ಶಟರ್ ಪೂರ್ತಿ ಕೆಳಗೆ.

ಹೊರಗೆ ನೇತು ಹಾಕಿರುವ ಕುರುಕಲು ಪ್ಯಾಕೆಟ್ಟಿನ ಸರ, ಬಾಳೆಗೊನೆ ಕೊಕ್ಕೆ, ಖಾಲಿ ಕ್ಯಾನುಗಳು, ಮೊಟ್ಟೆ ಟ್ರೇ ಎಲ್ಲ ಒಳಗೆ ಹೋಗಲಿ. ಬೋರ್ಡಿನ ಲೈಟು ಟೈಮರಿನಲ್ಲಿದ್ದರೆ ಆಫ್ ಮಾಡಿ. ಸಂಜೆ ಬೋರ್ಡು ಬೆಳಗಿದರೆ ದೂರದಿಂದ ನಡೆದು ಬಂದವನು ಬರಿಗೈಯಲ್ಲಿ ಹೋಗಲು ಒಪ್ಪುವುದಿಲ್ಲ. ಬೋರ್ಡಿಗೆ ಅಂತ ಮೇನ್ ಸ್ವಿಚ್ ಮಾತ್ರ ಇಳಿಸಬೇಡಿ. ಡೀಪ್ ಫ್ರೀಜರ್ ಅದೇ ಲೈನಿನಲ್ಲಿದ್ದರೆ ಐಸ್‌ಕ್ರೀಂ ಎಲ್ಲ ಹೋಯಿತು.

ಚೀಟಿ ವಿಷಯ. "ಅನಿವಾರ್ಯ ಕಾರಣಗಳಿಂದ ಅಂಗಡಿ ಮುಚ್ಚಲಾಗಿದೆ" ಅಂತ ಬರೆಯಬೇಡಿ. ಊರಿಗೆ ಹೋದವರೂ ಅದನ್ನೇ ಬರೆಯುತ್ತಾರೆ. "ಕೆಲವು ದಿನ" ಅಂತಲೂ ಬೇಡ, ದಿನಾ ಬಂದು ವಿಚಾರಿಸುತ್ತಾರೆ. ಜನ ಬಡಿಯುವುದು ಬಹುಪಾಲು ದುಷ್ಟತನದಿಂದಲ್ಲ, ಗೊತ್ತಿಲ್ಲದೆ. ಯಾರು ಹೋದರು, ಯಾವ ದಿನ ತೆಗೆಯುತ್ತೀರಿ, ಅಲ್ಲಿಯವರೆಗೆ ಹಾಲು ಎಲ್ಲಿ, ಈ ಮೂರೂ ಇರಬೇಕು:

"ನಮ್ಮ ಅಂಗಡಿಯ ಯಜಮಾನರು ಭಾನುವಾರ ತೀರಿಕೊಂಡರು. ಮನೆಯಲ್ಲಿ ಸೂತಕವಿದೆ. ಮುಂದಿನ ವಾರ ಶನಿವಾರ (ಇಲ್ಲಿ ತಾರೀಕು ಬರೆಯಿರಿ) ಬೆಳಿಗ್ಗೆ 6ಕ್ಕೆ ತೆರೆಯುತ್ತೇವೆ. ಅಲ್ಲಿಯವರೆಗೆ ಹಾಲು ಹಿಂದಿನ ರಸ್ತೆಯ ಬೂತಿನಲ್ಲಿ ಸಿಗುತ್ತದೆ. ದಯವಿಟ್ಟು ಶಟರ್ ಬಡಿಯಬೇಡಿ."

ಎ4 ಹಾಳೆ ಸಾಲದು, ಎ3 ಬೇಕು. ಮೊದಲ ಸಾಲಿನ ಅಕ್ಷರ ಒಂದಿಂಚು ಎತ್ತರ ಇರಲಿ. ಮೇಲೆ ಯಜಮಾನರ ಫೋಟೋ ಹಾಕಿಸಿ. ಬಡಿಯಲು ಎತ್ತಿದ ಕೈ ಫೋಟೋ ಕಂಡರೆ ತಾನೇ ಇಳಿಯುತ್ತದೆ. ಕನ್ನಡದ ಕೆಳಗೆ ಇಂಗ್ಲಿಷು, ಪಿಜಿ ಹುಡುಗರು ಇರುವ ರಸ್ತೆಯಾದರೆ ಹಿಂದಿಯೂ ಎರಡು ಸಾಲು. ಎರಡು ಪ್ರತಿ ಮಾಡಿಸಿ: ಒಂದು ನಿಂತವರ ಕಣ್ಣಿನ ಎತ್ತರಕ್ಕೆ, ಇನ್ನೊಂದು ಕೆಳಗೆ ಬೀಗದ ಪಕ್ಕ, ಯಾಕೆಂದರೆ ಬಡಿಯುವವರು ಬಗ್ಗುವುದು ಅಲ್ಲಿಗೇ. ಶಟರಿನ ಏಣುಗಳಿಗೆ, ಧೂಳಿಗೆ ಟೇಪು ನಿಲ್ಲುವುದಿಲ್ಲ, ಮಾರನೇ ದಿನವೇ ಬಿದ್ದಿರುತ್ತದೆ. ಬಿಸ್ಕತ್ತಿನ ರಟ್ಟಿಗೆ ಅಂಟಿಸಿ, ಪ್ಲಾಸ್ಟಿಕ್ ಕವರು ತೊಡಿಸಿ, ಬೀಗದ ಕೊಂಡಿಗೆ ದಾರದಲ್ಲಿ ಕಟ್ಟಿ. ಫ್ಲೆಕ್ಸಿಗೆ ನಗರದಲ್ಲಿ ನಿಷೇಧವಿದೆ, ಅದರ ಗೋಜು ಬೇಡ.

ಮನೆಯವರ ಫೋನ್ ನಂಬರ್ ಬರೆಯಬೇಡಿ. ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೋ ಎಲ್ಲಿಗೋ ಎಲ್ಲರೂ ಹೋಗುವ ದಿನವಿದ್ದರೆ ಅದನ್ನಂತೂ ಬರೆಯಲೇಬಾರದು. ಮನೆ ಖಾಲಿ ಅಂತ ಕಳ್ಳರಿಗೆ ಹೇಳಿಕೊಟ್ಟ ಹಾಗೆ.

ಹಾಲಿನ ಏಜೆಂಟರಿಗೆ ಇವತ್ತೇ ಫೋನ್ ಮಾಡಿ. ಇಂಡೆಂಟ್ ಹಿಂದಿನ ದಿನವೇ ಹೋಗಿಬಿಡುತ್ತದೆ. ನಿಲ್ಲಿಸದಿದ್ದರೆ ನಸುಕಿನಲ್ಲಿ ಕ್ರೇಟು ಶಟರ್ ಮುಂದೆ ಇಳಿಯುತ್ತದೆ. ಕೆಲವರು ಪ್ಯಾಕೆಟ್ ತೆಗೆದು ದುಡ್ಡು ಇಟ್ಟು ಹೋಗುತ್ತಾರೆ, ಕೆಲವರು ಇಡುವುದಿಲ್ಲ, ಇನ್ನು ಕೆಲವರು ಚಿಲ್ಲರೆಗೆ ಬಡಿಯುತ್ತಾರೆ. ನಿಮ್ಮ ಇಂಡೆಂಟನ್ನು ಹತ್ತಿರದ ಬೂತಿಗೆ ಹತ್ತು ದಿನ ಸೇರಿಸಿ ಕೊಡಿ ಅಂದರೆ ಏಜೆಂಟರು ಸಾಮಾನ್ಯವಾಗಿ ಒಪ್ಪುತ್ತಾರೆ. ಗಿರಾಕಿ ಅಲ್ಲೇ ಉಳಿದುಬಿಡುತ್ತಾನೆ ಅನ್ನುವ ಭಯ ಬೇಡ. ಎಲ್ಲಿಗೆ ಹೋಗಬೇಕು ಅಂತ ನೀವೇ ಹೇಳಿ ಕಳಿಸಿದವನು ತಿರುಗಿ ಬರುತ್ತಾನೆ. ಮೂರು ದಿನ ಬಾಗಿಲಿಗೆ ಬಂದು ಪೆಚ್ಚಾಗಿ ಹೋದವನು ಬರುವುದಿಲ್ಲ.

"ಒಬ್ಬರಿಗೆ ಮಾತ್ರ" ಅಂತ ಕೊಡಲೇಬೇಡಿ. ಆ ಒಂದು ನೀಲಿ ಪ್ಯಾಕೆಟ್ ಹಿಡಿದು ಹೋಗುವವರನ್ನು ರಸ್ತೆಯಲ್ಲಿ ಹತ್ತು ಜನ ನೋಡುತ್ತಾರೆ. ಆಮೇಲೆ ಹನ್ನೊಂದನೆಯವರಿಗೆ ಇಲ್ಲ ಅಂದರೆ ಅದು ಅವಮಾನ ಆಗುತ್ತದೆ.

ಒಂದು ಮಾತ್ರ ಬೇರೆ. ಮೂಲೆ ಅಂಗಡಿಯಲ್ಲಿ ಜನ ಮನೆ ಬೀಗದ ಕೈ ಕೊಟ್ಟಿರುತ್ತಾರೆ, ಕೊರಿಯರ್ ಇಳಿಸಿರುತ್ತಾರೆ. ಅದಕ್ಕೆ ಬಡಿಯುವವರ ತಪ್ಪಿಲ್ಲ. ಎಲ್ಲವನ್ನೂ ಒಂದು ಬುಟ್ಟಿಗೆ ಹಾಕಿ ಪಕ್ಕದ ಮನೆಯಲ್ಲಿಟ್ಟು, "ಬೀಗದ ಕೈ, ಪಾರ್ಸಲ್: ಬಲಗಡೆ ಮನೆ" ಅಂತ ಚೀಟಿಯ ಕೊನೆಗೆ ಸೇರಿಸಿ.

ಬೂತ್_ಬೆಳಗು ಬರೆದಿದ್ದು:

ಮೇಲಿನವರು ಹೇಳಿದ್ದು ಸರಿ, ಆದರೆ ಪೂರ್ತಿ ಮುಚ್ಚುವುದೊಂದೇ ದಾರಿ ಅಲ್ಲ. ಲಿಂಗಾಯತ ಸಂಪ್ರದಾಯದಲ್ಲಿ ಸೂತಕ ಒಪ್ಪುವುದಿಲ್ಲ. ಮೂರನೇ ದಿನ ಹಾಲು-ತುಪ್ಪ ಮುಗಿಸಿ, ಹನ್ನೊಂದರ ತಿಥಿಗೆ ಮತ್ತೆ ಒಂದು ದಿನ ಮುಚ್ಚುವ ಮನೆಗಳೂ ಇವೆ. ಮನೆಯ ಹಿರಿಯರು ಒಪ್ಪಿದರೆ ಬರೀ ಹಾಲಿಗೆ ಒಂದು ವ್ಯವಸ್ಥೆ ಮಾಡಬಹುದು.

ಅಂಗಡಿಯಲ್ಲಿ ಬೇಡ, ಪಕ್ಕದ ಕಾಂಪೌಂಡಿನಲ್ಲಿ ಒಂದು ಟೇಬಲ್. 6ರಿಂದ 7.30. ಸಂಬಳದ ಹುಡುಗ ಮಾರಲಿ, ಮನೆಯವರು ಯಾರೂ ನಿಲ್ಲಬಾರದು. ಹಾಲು-ಮೊಸರು ಬಿಟ್ಟು ಬೇರೇನೂ ಇಲ್ಲ. ಅಂಗಡಿಯ ಬೀಗದ ಕೈ ಹುಡುಗನ ಹತ್ತಿರ ಇರಬಾರದು, ಇದನ್ನು ಮರೆಯಬೇಡಿ. ಕೈ ಇದ್ದರೆ "ಹಾಗೇ ಒಂದು ಕೇಜಿ ಸಕ್ಕರೆ" ಅನ್ನುತ್ತಾರೆ, ಅವನು ಇಲ್ಲ ಅನ್ನಲಾರ, ಮೂರನೇ ದಿನಕ್ಕೆ ಅಂಗಡಿ ತೆಗೆದ ಹಾಗೇ ಆಗುತ್ತದೆ. ಇಂಡೆಂಟ್ ಅರ್ಧಕ್ಕಿಳಿಸಿ, ಉಳಿದ ಪ್ಯಾಕೆಟ್ ಇಡಲು ಅಲ್ಲಿ ಫ್ರಿಜ್ ಇರುವುದಿಲ್ಲ. ಉದ್ರಿ ಇಲ್ಲ, ಸರಿಯಾದ ಚಿಲ್ಲರೆ ಮಾತ್ರ.

ಇನ್ನು "ನಮ್ಮ ಕಡೆ ಮೂರೇ ದಿನ, ನಿಮ್ಮದೇನು ಹದಿಮೂರು?" ಅಂತ ಲೆಕ್ಕ ಕೇಳುವ ಗಿರಾಕಿಗಳಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ. ಬೆಂಚಿನ ಮೇಲೆ ಕೂತವರು ಚೀಟಿ ತೋರಿಸಿದರೆ ಸಾಕು.

ಹನುಮಂತನಗರ_ದಿನಸಿ:

ತುಂಬಾ ಉಪಕಾರವಾಯಿತು. ಟೇಬಲ್ ಇಡುವುದಕ್ಕೆ ಅತ್ತೆ ಒಪ್ಪುವುದಿಲ್ಲ. ಹಾಲು ಬೂತಿಗೆ ವರ್ಗ ಮಾಡಿಸುತ್ತೇವೆ. ಲೆಕ್ಕ, ಕ್ಯೂಆರ್ ಬಗ್ಗೆ ಗೊತ್ತಿರುವವರು ಹೇಳಿ. ಇವತ್ತು ಹೋಲ್‌ಸೇಲ್ ಕಡೆಯ ಕಲೆಕ್ಷನ್ ಹುಡುಗನೂ ಬಂದು ಬಾಕಿ ಕೇಳಿದ.

ಲೆಕ್ಕದ_ಪುಸ್ತಕ ಬರೆದಿದ್ದು:

ಕ್ಯೂಆರ್ ಮೇಲೆ ಈಗಲೇ ಕಾಗದ ಅಂಟಿಸಿ, ಸೌಂಡ್ ಬಾಕ್ಸ್ ಆಫ್ ಮಾಡಿ. ಬಿದ್ದ ದುಡ್ಡು ಕಳೆದು ಹೋಗುವುದಿಲ್ಲ, ಆದರೆ ಸಾವಿನ ವಿಷಯ ತಿಳಿದ ಕೂಡಲೇ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ, ಕ್ಲೇಮ್ ಆಗುವವರೆಗೆ ನಿಮ್ಮ ಕೈಗೆ ಬರುವುದಿಲ್ಲ. ಹಳೇ ಪಿನ್ ಗೊತ್ತಿದೆ ಅಂತ ಅವರ ಫೋನಿನಿಂದ ಯಾರೂ ದುಡ್ಡು ತೆಗೆಯಬೇಡಿ. ಮನೆಯವರೇ ಆದರೂ ಸರಿಯಲ್ಲ, ಮುಂದೆ ಅಣ್ಣತಮ್ಮಂದಿರ ಮಧ್ಯೆ ಮಾತು ಬರುವುದೇ ಇಂಥದ್ದರಿಂದ. ಖಾತೆಗೆ ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ, ಕ್ಲೇಮ್ ಫಾರಂ, ನಾಮಿನಿಯ ಗುರುತಿನ ದಾಖಲೆ ಪೂರ್ತಿ ಕೊಟ್ಟ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕು.

ಅವರ ಸಿಮ್ಮಿಗೆ ರೀಚಾರ್ಜ್ ಮಾಡಿಸಿ ಜೋಪಾನ ಮಾಡಿ. ಹಾಲಿನ ಏಜೆಂಟರ ಲೆಕ್ಕ, ಜಿಎಸ್‌ಟಿ ಲಾಗಿನ್ನು, ಗೂಗಲ್ ಮ್ಯಾಪಿನ ಪುಟ ಎಲ್ಲದರ ಓಟಿಪಿ ಅದಕ್ಕೇ ಬರುತ್ತಿರುತ್ತದೆ.

ಮರಣ ನೋಂದಣಿಗೆ 21 ದಿನ ಗಡುವು, ಅಲ್ಲಿಯವರೆಗೆ ಶುಲ್ಕವಿಲ್ಲ. ಆಸ್ಪತ್ರೆಯಲ್ಲಿ ಆಗಿದ್ದರೆ ಅವರೇ ವರದಿ ಕಳಿಸುತ್ತಾರೆ. ಮನೆಯಲ್ಲಿ ಆಗಿದ್ದರೆ ಮನೆಯವರೇ ತಿಳಿಸಬೇಕು. ವೈದ್ಯರು ಕೊಟ್ಟ ಸಾವಿನ ಕಾರಣದ ಫಾರಂ 4ಎ, ಚಿತಾಗಾರದ ರಸೀದಿ ಎರಡನ್ನೂ ಎತ್ತಿಟ್ಟಿರಿ. ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ, ಇನಿಷಿಯಲ್ಲು ಆಧಾರಿನಲ್ಲಿ, ಪಾಸ್‌ಬುಕ್ಕಿನಲ್ಲಿ ಇರುವ ಹಾಗೇ ಬರಲಿ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ. ಹತ್ತು ಪ್ರತಿ ತೆಗೆದುಕೊಳ್ಳಿ.

ಉದ್ರಿ ಪುಸ್ತಕ. ಇವತ್ತೇ ಎಲ್ಲ ಪುಟಗಳ ಫೋಟೋ ತೆಗೆಯಿರಿ. ಪ್ರತಿಯೊಬ್ಬರ ಕೊನೆಯ ನಮೂದಿನ ಕೆಳಗೆ ಗೆರೆ ಎಳೆದು ತಾರೀಕು ಹಾಕಿ. ಇನ್ನು ಅದರಲ್ಲಿ ಯಾರೂ ಬರೆಯಬಾರದು, ಬರುವುದನ್ನು ಹೊಸ ಪುಸ್ತಕದಲ್ಲಿ ಬರೆಯಿರಿ. ಯಜಮಾನರ ಪುಸ್ತಕಗಳಲ್ಲಿ ಹೆಸರುಗಳಿರುವುದು ಕಡಿಮೆ. "ಹಸಿರು ಗೇಟು", "ಮೇಲ್ಮನೆ ಟೀಚರ್", "ಬುಲೆಟ್" ಅಂತೆಲ್ಲ ಬರೆದಿರುತ್ತಾರೆ. ಮುಂದೆ ಒಂದು ಸುಳಿ ಇದ್ದರೆ ಅರ್ಧ ಬಂತು, ಅಡ್ಡಗೆರೆ ಇದ್ದರೆ ಚುಕ್ತಾ, ಹೀಗೆ ಅವರದೇ ಗುರುತು. ಅದು ಬಿಡಿಸಲು ಬರುವುದು ನಿಮ್ಮ ಅತ್ತೆಗೆ ಮತ್ತು ಕ್ಯಾನ್ ಹಾಕುವ ಹುಡುಗನಿಗೆ ಮಾತ್ರ. ಅವರಿಬ್ಬರನ್ನು ಒಂದು ಸಂಜೆ ಕೂರಿಸಿ ಪೆನ್ಸಿಲ್ಲಿನಲ್ಲಿ ಪಕ್ಕದಲ್ಲಿ ಹೆಸರು, ಮನೆ ನಂಬರ್ ಬರೆಸಿಕೊಳ್ಳಿ. ಅತ್ತೆಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಸಮಾರಾಧನೆ ಆದಮೇಲೆ ಮಾಡಿ. ಆದರೆ ಹುಡುಗ ಊರಿಗೆ ಹೋಗುವುದರೊಳಗೆ ಆಗಬೇಕು.

ಬಾಕಿ ಕೇಳುವುದು ಹದಿಮೂರು ಕಳೆದ ಮೇಲೆ. ಒಬ್ಬೊಬ್ಬರಿಗೇ ಮೆಸೇಜು, ಎಷ್ಟು ಬಾಕಿ, ಕೊನೆಯ ನಮೂದಿನ ತಾರೀಕು ಯಾವುದು, ಆ ಪುಟದ ಫೋಟೋ. ರಸ್ತೆಯ ಗ್ರೂಪಿನಲ್ಲಿ ಪಟ್ಟಿ ಹಾಕಿದರೆ ಕೊಡಬೇಕೆಂದಿದ್ದವರೂ ಬಿಗಿಯುತ್ತಾರೆ. "ಯಜಮಾನರ ಕೈಗೇ ಕೊಟ್ಟಿದ್ದೆನಲ್ಲ" ಅನ್ನುವವರು ಮೂರು-ನಾಲ್ಕು ಜನ ಬಂದೇ ಬರುತ್ತಾರೆ. ಫೋನ್‌ಪೇ, ಗೂಗಲ್‌ಪೇ ಅಂದರೆ ಅವರ ಫೋನಿನಲ್ಲೇ ತೋರಿಸಬಹುದು. ನಗದು ಅಂದರೆ ಗಲ್ಲಾಪೆಟ್ಟಿಗೆಯ ಡೈರಿ ನೋಡಿ, ಅದರಲ್ಲೂ ಇಲ್ಲದಿದ್ದರೆ ಸಣ್ಣ ಮೊತ್ತ ಬಿಟ್ಟುಬಿಡಿ. ದೊಡ್ಡ ಮೊತ್ತವಾದರೆ "ಇಷ್ಟು ಕೊಡಬೇಕಿದೆ" ಅಂತ ಅವರಿಂದ ಒಂದು ಸಾಲು ಬರೆಸಿಕೊಳ್ಳಿ. ಪುಸ್ತಕದಲ್ಲಿ ಬರೆದದ್ದೊಂದೇ ಕೋರ್ಟಿನಲ್ಲಿ ಸಾಲದು, ಬಾಕಿಗೆ ಮೂರು ವರ್ಷದ ಮಿತಿಯೂ ಇದೆ.

ಕ್ಯಾನಿನ ಡೆಪಾಸಿಟ್ ಮಾತ್ರ ನೀವು ಅವರಿಗೆ ಕೊಡಬೇಕಾದದ್ದು. ಆ ಪಟ್ಟಿಯನ್ನು ಮೊದಲು ಮಾಡಿ. ಕೊಡುವುದನ್ನು ಕೊಟ್ಟು ಆಮೇಲೆ ಕೇಳಿದರೆ ಮಾತಿಗೆ ತೂಕ ಇರುತ್ತದೆ.

ಕಲೆಕ್ಷನ್ ಹುಡುಗನ ಹತ್ತಿರ ಏನೂ ಒಪ್ಪಿಕೊಳ್ಳಬೇಡಿ, ಚೆಕ್ ಬರೆಯಬೇಡಿ. "ಬಿಲ್ ನಂಬರ್ ಸಮೇತ ಬಾಕಿ ಪಟ್ಟಿ ಕಳಿಸಿ, ಸಮಾರಾಧನೆ ಕಳೆದು ಬರುವ ಸೋಮವಾರದ ಮೇಲೆ ಮಾತಾಡೋಣ" ಅಂದರೆ ಸಾಕು. ಮಾವನವರು ಮುಂದಿನ ತಾರೀಕಿನ ಚೆಕ್ ಕೊಟ್ಟಿದ್ದರೆ ಅದನ್ನು ಬ್ಯಾಂಕಿಗೆ ಹಾಕಬೇಡಿ ಅಂತ ಸಂಬಂಧಪಟ್ಟವರಿಗೆ ಈಗಲೇ ತಿಳಿಸಿ. ಅವರ ಸಾಲಕ್ಕೆ ವಾರಸುದಾರರ ಹೊಣೆ ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ.

ಜಿಎಸ್‌ಟಿ ನೋಂದಣಿ ಇದ್ದರೆ ಅಂಗಡಿ ಮುಂದುವರಿಸುವವರ ಹೆಸರಿನಲ್ಲಿ ಹೊಸ ನೋಂದಣಿ ಮೊದಲು, ಉಳಿದ ತೆರಿಗೆ ಕ್ರೆಡಿಟ್ (ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆಯಲ್ಲಿ ಇನ್ನೂ ಹೊಂದಿಸಿಕೊಳ್ಳದೆ ಉಳಿದದ್ದು) ವರ್ಗಾವಣೆಗೆ ಐಟಿಸಿ-02 ಫಾರಂ ಆಮೇಲೆ, ಹಳೆಯದರ ರದ್ದತಿಗೆ ಆರ್‌ಇಜಿ-16 ಫಾರಂ ಕೊನೆಗೆ. ರದ್ದತಿ ಅರ್ಜಿಗೆ 30 ದಿನ ಅವಕಾಶ. ಹಳೆಯದನ್ನು ಮೊದಲೇ ರದ್ದು ಮಾಡಿಸಿದರೆ ಕ್ರೆಡಿಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಾಂಪೋಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ಒಟ್ಟು ವ್ಯಾಪಾರದ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಯೋಜನೆ) ಕ್ರೆಡಿಟ್ಟಿನ ಮಾತೇ ಇಲ್ಲ. ಆಹಾರ ಪದಾರ್ಥ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ, ಯಜಮಾನರು ತೀರಿಕೊಂಡ ದಿನದಿಂದ 90 ದಿನ ಮನೆಯವರಿಗೆ ನಡೆಯುತ್ತದೆ, ಅಷ್ಟರೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಹಾಕಿ.

ಮೂರನೇ_ಕ್ರಾಸ್ ಬರೆದಿದ್ದು:

ಗೂಗಲ್ ಮ್ಯಾಪಿನ ಲಾಗಿನ್ ಸಿಕ್ಕರೆ "ತಾತ್ಕಾಲಿಕವಾಗಿ ಮುಚ್ಚಿದೆ" ಅಂತ ಹಾಕಿ. ಪಕ್ಕದಲ್ಲೇ "ಶಾಶ್ವತವಾಗಿ" ಅಂತಲೂ ಇರುತ್ತದೆ, ಬೆರಳು ತಪ್ಪದಿರಲಿ. ತೆಗೆದ ದಿನ ಅದನ್ನು ಬದಲಿಸಲು ಮರೆತರೆ ತಿಂಗಳುಗಟ್ಟಲೆ ಮುಚ್ಚಿದೆ ಅಂತಲೇ ತೋರಿಸುತ್ತದೆ. ಒಂದು ಸ್ಟಾರಿಗೆ ವಾದ ಬೇಡ, "ಯಜಮಾನರು ತೀರಿಕೊಂಡಿದ್ದರಿಂದ ಮುಚ್ಚಿತ್ತು, ಶನಿವಾರದಿಂದ ತೆರೆದಿರುತ್ತದೆ" ಅಂತ ಒಂದೇ ಸಾಲು. ಅದನ್ನು ಓದಿ ಎಷ್ಟೋ ಜನ ತಾವೇ ಅಳಿಸುತ್ತಾರೆ.

ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗ್ರೂಪಿಗೆ ನೀವು ಬರೆಯಬೇಡಿ. ಅಲ್ಲಿನ ಒಬ್ಬ ಹಳೇ ಗಿರಾಕಿಗೆ ಚೀಟಿಯ ಫೋಟೋ ಕಳಿಸಿ, ಅವರೇ ಹಾಕಲಿ. ನೆರೆಯವರು ಹೇಳಿದರೆ ಜನ ಕೇಳುತ್ತಾರೆ.

ತೆಗೆದ ಮೇಲೂ ಒಂದು ವಾರ ಕಷ್ಟವೇ. ಹಾಲಿಗೆ ಬಂದ ಪ್ರತಿಯೊಬ್ಬರೂ ಗಲ್ಲಾದ ಮುಂದೆ ನಿಂತು "ಏನಾಗಿತ್ತು? ಶುಗರ್ ಇತ್ತಾ? ಯಾವ ಆಸ್ಪತ್ರೆ?" ಅಂತ ಕೇಳುತ್ತಾರೆ. ದಿನಕ್ಕೆ ಅರವತ್ತು ಸಲ ಅದೇ ಹೇಳಿದರೆ ಎಂಥವರೂ ಕುಸಿಯುತ್ತಾರೆ. ಅತ್ತೆಯವರನ್ನು ಬೆಳಗಿನ ಹೊತ್ತು ಗಲ್ಲಾದಲ್ಲಿ ಕೂರಿಸಬೇಡಿ. ಹಾರ ಹಾಕಿದ ಫೋಟೋವನ್ನು ಗಿರಾಕಿಗಳಿಗೆ ಎದುರಾಗಿ, ಅಂಗಡಿಯ ಒಳಗೋಡೆಗೆ ಹಾಕಿ, ಪಕ್ಕದಲ್ಲಿ ಹುಟ್ಟಿದ, ತೀರಿಕೊಂಡ ತಾರೀಕು. ಬಂದವರು ಒಂದು ಕ್ಷಣ ಕೈ ಮುಗಿದು ಸುಮ್ಮನಾಗುತ್ತಾರೆ. ಮೊದಲ ಮೂರು ದಿನ 6ರಿಂದ 10, ಸಂಜೆ 5ರಿಂದ 8 ಮಾತ್ರ ತೆಗೆಯಿರಿ.

ತೆಗೆಯುವ ಮುಂಚಿನ ಗುರುವಾರವೇ ಒಬ್ಬರು ಒಳಗೆ ಹೋಗಿ ಬ್ರೆಡ್ಡು, ಮೊಸರು, ದೋಸೆ ಹಿಟ್ಟು, ಮೊಟ್ಟೆ ಎಲ್ಲದರ ತಾರೀಕು ನೋಡಿ ಹಳೆಯದನ್ನು ಬೇರೆ ಇಡಲಿ. ಹದಿಮೂರು ದಿನ ಮುಚ್ಚಿದ ಅಂಗಡಿಯಲ್ಲಿ ಇಲಿ ಮೊದಲು ಹಿಡಿಯುವುದು ರವೆ, ಕಡಲೆಬೀಜದ ಚೀಲವನ್ನು. ಅವಧಿ ಮುಗಿದ ಮಾಲನ್ನು ಬ್ರೆಡ್ ಕಂಪನಿಯವರು ವಾಪಸ್ ತೆಗೆದುಕೊಳ್ಳುವುದಿದ್ದರೆ ಎಸೆಯದೆ ಎಣಿಸಿ ಇಡಿ.

ಇನ್ನೊಂದು. ಶನಿವಾರ 6ಕ್ಕೆ ಹಾಲು ಬರಬೇಕಾದರೆ ಇಂಡೆಂಟ್ ಹೋಗಬೇಕಾದದ್ದು ಶುಕ್ರವಾರ. ಅವತ್ತು ಮನೆ ತುಂಬ ನೆಂಟರು, ಪುರೋಹಿತರು, ಅಡಿಗೆಯವರು, ಯಾರಿಗೂ ನೆನಪಾಗುವುದಿಲ್ಲ. ಆಮೇಲೆ ಶನಿವಾರ ಬೆಳಿಗ್ಗೆ ಚೀಟಿ ನಂಬಿ ಬಂದವರಿಗೆ ಖಾಲಿ ಕ್ರೇಟು ತೋರಿಸಬೇಕಾಗುತ್ತದೆ. ಆ ಫೋನನ್ನು ಬೆಂಚಿನ ಮೇಲೆ ಕೂರುವವರಿಗೇ ವಹಿಸಿ, ಏಜೆಂಟರ ನಂಬರನ್ನು ಇವತ್ತೇ ಅವರಿಗೆ ಬರೆದು ಕೊಡಿ.